ಸುಮ್ಮನಿರದ ಕೈ

ಇನ್ನೊಬ್ಬರು ಮಾಡಿಟ್ಟ ಕೆಲಸವನ್ನು ಇದ್ದ ಹಾಗೆ ಬಿಟ್ಟುಬಿಡುವುದು ದೊಡ್ಡ ಮೇಸ್ತ್ರಿಯ ಹಣೆಯಲ್ಲೇ ಬರೆದಿರಲಿಲ್ಲ. ಹೋಟೆಲಿಗೆ ಹೋದರೆ ಎದುರಿಗೆ ಬಂದ ಚಹಾದ ಲೋಟವನ್ನು ಮೇಜಿನ ಅಂಚಿಗೆ ಸಮನಾಗಿ ಸರಿಸಿಟ್ಟು, ಓರೆಗಣ್ಣಿನಿಂದ ಒಮ್ಮೆ ಅಳೆದು, ಆಮೇಲೆಯೇ ತುಟಿಗೆ ತರುತ್ತಿದ್ದರು; ಕ್ಷೌರದಂಗಡಿಯಲ್ಲಿ ಅರ್ಧ ಗಲ್ಲಕ್ಕೆ ನೊರೆ ಬಳಿಸಿಕೊಂಡವರು ನಡುವೆಯೇ ಎದ್ದುಹೋಗಿ, ಗೋಡೆಯ ಮೇಲೆ ಸೊಟ್ಟಗೆ ತೂಗುತ್ತಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಬಂದು, ಏನೂ ಆಗಿಲ್ಲವೆಂಬಂತೆ ಮತ್ತೆ ಗದ್ದ ಒಡ್ಡುತ್ತಿದ್ದರು. ಒಮ್ಮೆ ಬ್ಯಾಂಕಿನ ಸರತಿಯಲ್ಲಿ ಮುಂದೆ ನಿಂತಿದ್ದ ಅಪರಿಚಿತನೊಬ್ಬನ ಮಗುಚಿಕೊಂಡ ಕಾಲರನ್ನು ಹಿಂದಿನಿಂದ ಸರಿಪಡಿಸಲು ಹೋಗಿ, ಆತ ಯಾರೋ ಜೇಬಿಗೆ ಕೈ ಹಾಕಿದರೆಂದು ಬೊಬ್ಬೆಯಿಟ್ಟು, ಕಾವಲಿನವನು ಓಡಿಬಂದು, ದೊಡ್ಡ ರಂಪವೇ ಆಗಿಹೋಯಿತು. ಆ ಕಥೆಯನ್ನು ನನಗೆ ಹೇಳುವಾಗ ಅವರಿಗೆ ನಾಚಿಕೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಕಾಲರು ಮಾತ್ರ ಸರಿಹೋಯಿತಂತೆ.

ಹಳೆಯ ಕಾರುಗಳಿಗೆ ಹೊಸ ದೀಪ ಕೂರಿಸುವುದು ಅವರ ಕಸುಬು. ಗ್ಯಾರೇಜುಗಳೇ ಸಾಲುಗಟ್ಟಿದ ಒಂದು ಓಣಿ. ಈ ಪಕ್ಕ ಟೈರಿನವನು, ಆ ಪಕ್ಕ ಬಣ್ಣ ಹೊಡೆಯುವವನು, ನಡುವೆ ಒಂದೇ ಬಾಗಿಲಿನ ಅವರ ಕೋಣೆ. ನಲವತ್ತು ವರ್ಷ ಬಾನೆಟ್ಟುಗಳೊಳಗೆ ಬಗ್ಗಿ ಬಗ್ಗಿ ಅವರ ಶರೀರ, ನೆಟ್ಟಗೆ ನಿಂತಾಗಲೂ, ಯಾರದೋ ಗುಟ್ಟಿನ ಮಾತಿಗೆ ಕಿವಿಗೊಟ್ಟಂತೆ ಮುಂದಕ್ಕೆ ಬಾಗಿಯೇ ಇರುತ್ತಿತ್ತು. ನಡಿಗೆ ನಿಧಾನ, ಎದುರಿಗೆ ಬರುವ ಮನುಷ್ಯರ ಮುಖ ನೋಡುವುದಕ್ಕಿಂತ ರಸ್ತೆಬದಿಗೆ ನಿಂತ ಕಾರುಗಳ ಮೂತಿ ನೋಡುತ್ತ ಸಾಗುವ ನಡಿಗೆ. ಬೇಸಿಗೆಯಲ್ಲೂ ಮೈಮೇಲಿಂದ ಇಳಿಯದ ಕಂದು ಕೋಟು. ಅದರ ಎಡಜೇಬಿನಲ್ಲಿ ಟೇಪಿನ ಸುರುಳಿ, ಬಲಜೇಬಿನಲ್ಲಿ ಇಕ್ಕಳ, ಉಳಿದವರು ಕನ್ನಡಕ ಸಿಕ್ಕಿಸುವ ಮೇಲುಜೇಬಿನಲ್ಲಿ ಟೆಸ್ಟರು. ಮಾತು ಆರಂಭಿಸಿದರೆ ಮೊದಲ ಪದ 'ಹಾಗಲ್ಲ'. ಒಪ್ಪುವುದಿದ್ದರೂ ಅದೇ. ಇವತ್ತು ಸೆಕೆ ಜಾಸ್ತಿ ಅಲ್ಲವೇ ಎಂದರೆ, ಹಾಗಲ್ಲ ಸಾರ್, ಬಹಳ ಸೆಕೆ ಎನ್ನುವರು.

ಮಂಜಿನ ದೀಪವನ್ನೋ ಹೆಚ್ಚುವರಿ ಹೆಡ್‌ಲೈಟನ್ನೋ ಹಾಕಿಸಲು ಬಂದವರಿಗೆ ಬೇಕಾದದ್ದು ಬೆಳಕು. ದೊಡ್ಡ ಮೇಸ್ತ್ರಿಗೆ ಬೇಕಾದದ್ದು ಆ ಬೆಳಕು ನಡೆದುಬರುವ ದಾರಿ. ಬ್ಯಾಟರಿಯಿಂದ ಹೊರಟ ವೈರು ಗೇಣುದ್ದ ಹೋಗುವ ಮೊದಲೇ ಫ್ಯೂಸಿಗೆ ತಲೆಬಾಗಬೇಕು, ಅಲ್ಲಿಂದ ದೀಪದ ಭಾರ ಹೊರುವ ರಿಲೇಗೆ, ರಿಲೇಯಿಂದ ಕಾರಿನ ಹುಟ್ಟುವೈರುಗಳ ಜೊತೆಜೊತೆಯಲ್ಲೇ, ತಾನೂ ಆ ಮನೆಯವನೇ ಎಂಬಂತೆ ಸಾಗಿ, ನಾಲ್ಕು ನಾಲ್ಕು ಬೆರಳಿಗೊಂದು ಕಟ್ಟು ಹಾಕಿಸಿಕೊಂಡು, ಬಿಸಿಯೇರುವ ಭಾಗಗಳಿಂದ ದೂರ ಸರಿದು, ಬಂಪರಿನ ಹಿಂದೆ ಮರೆಯಾಗಿ ದೀಪವನ್ನು ಸೇರಬೇಕು. ತರಾತುರಿಯವರು ರಿಲೇಯನ್ನೇ ಬಿಟ್ಟು ದೀಪಗಳ ಭಾರವನ್ನೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೇಲೆ ಹೇರುತ್ತಾರೆಂದು ಅವರಿಗೆ ಕೆಂಡದಂಥ ಕೋಪ. ಸ್ವಿಚ್ಚು ಅಪ್ಪಣೆ ಕೊಡಬೇಕು ಸಾರ್, ಮೂಟೆ ಹೊರಬಾರದು ಎನ್ನುತ್ತಿದ್ದರು. ಇಷ್ಟೆಲ್ಲ ಮಾಡಿದ್ದನ್ನು ಕಾರಿನ ಒಡೆಯ ಒಂದು ದಿನವೂ ಬಗ್ಗಿ ನೋಡುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು, ಅದರ ಬಗ್ಗೆ ಅವರು ತಲೆಕೆಡಿಸಿಕೊಂಡವರಲ್ಲ.

ನನಗೂ ಅವರಿಗೂ ಗೆಳೆತನ ಕುದುರಿದ್ದು ಓಣಿಯ ತುದಿಯ ಹೋಟೆಲಿನಲ್ಲಿ. ನಾನು ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದವನು. ಮದುವೆಯಾದ ಹೊಸತರಲ್ಲಿ ತವರಿಗೆ ಹೋದ ಹೆಂಡತಿ ಬರೆದ ಮೊದಲ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಉತ್ತರದ ಜೊತೆ ಲಗತ್ತಿಸಿ ಕಳಿಸಿದ ಮಹಾನುಭಾವ. ಆಕೆ ಎರಡನೆಯ ಪತ್ರ ಬರೆಯಲೇ ಇಲ್ಲ. ಇದನ್ನು ಹೇಳಿದಾಗ ದೊಡ್ಡ ಮೇಸ್ತ್ರಿ ಬಿದ್ದು ಬಿದ್ದು ನಗುತ್ತಾರೆಂದುಕೊಂಡಿದ್ದೆ. ಅವರು ಲೋಟದ ತಳವನ್ನೇ ನೋಡುತ್ತ, ತಪ್ಪುಗಳು ಬಹಳ ಇದ್ದವೇ ಎಂದು ಕೇಳಿದರು.

ಹೆಂಡತಿ ಮಕ್ಕಳೆಂದು ಅವರಿಗೆ ಯಾರೂ ಇರಲಿಲ್ಲ. ಕೋಣೆಯ ಹಿಂಭಾಗದಲ್ಲೇ ವಾಸ. ಒಂದು ಒಲೆ, ಒಂದು ಚಾಪೆ, ಒಂದು ತಟ್ಟೆ, ಎಲ್ಲವೂ ಗೆರೆ ಎಳೆದಂತೆ ತಂತಮ್ಮ ಜಾಗದಲ್ಲಿ. ಸಂಜೆ ಬಾಗಿಲೆಳೆದ ಮೇಲೆ ಅವರ ಸದ್ದೇ ಕೇಳಿಸುತ್ತಿರಲಿಲ್ಲವೆಂದು ಪಕ್ಕದ ಟೈರಿನವನು ಹೇಳುತ್ತಿದ್ದ. ಓಣಿಯವರೆಲ್ಲ ಅವರನ್ನು ದೊಡ್ಡ ಮೇಸ್ತ್ರಿ ಎನ್ನುವುದನ್ನು ಕೇಳಿ, ಹಾಗಾದರೆ ಚಿಕ್ಕ ಮೇಸ್ತ್ರಿ ಯಾರು ಎಂದು ಒಂದು ಸಲ ಸಹಜವಾಗಿ ವಿಚಾರಿಸಿದ್ದೆ. ಟೈರಿನವನು ಕಣ್ಸನ್ನೆಯಲ್ಲೇ ನನ್ನ ಬಾಯಿಗೆ ಬೀಗ ಹಾಕಿಸಿದ.

ಉತ್ತರ ಸಿಕ್ಕಿದ್ದು ನನ್ನ ಕಾರಿನಿಂದಲೇ. ನನ್ನಷ್ಟೇ ಹಳೆಯದಾದ ಆ ಕಾರಿಗೆ ನಾನು ಕೆಲಸದಲ್ಲಿದ್ದಾಗಲೇ ಊರಿನ ಇನ್ನೊಂದು ತುದಿಯಲ್ಲಿ, ಅಚ್ಚುಕೂಟದ ಸಮೀಪದ ಅಂಗಡಿಯಲ್ಲಿ, ಮಂಜಿನ ದೀಪಗಳನ್ನು ಹಾಕಿಸಿದ್ದೆ. ಈಚೆಗೆ ಅವುಗಳಲ್ಲೊಂದು ಮಿಣುಕಲು ಹಿಡಿದಿತ್ತು. ದೊಡ್ಡ ಮೇಸ್ತ್ರಿ ಬಾನೆಟ್ ಎತ್ತಿದರು. 'ಹಾಗಲ್ಲ' ಈಗ ಬಂತು, ಆಗ ಬಂತು ಎಂದು ನಾನು ಕಾದೆ. ಬರಲಿಲ್ಲ. ಟೆಸ್ಟರು ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಒಂದು ಬೆರಳಿನಿಂದ ವೈರಿನ ಗುಂಟ, ಕಟ್ಟಿನಿಂದ ಕಟ್ಟಿಗೆ, ನಿದ್ದೆಹೋದ ಮಗುವಿನ ಬೆನ್ನು ಸವರುವಷ್ಟು ಹಗುರವಾಗಿ ಸವರುತ್ತ ಹೋದರು.

"ಇದನ್ನ ಮಾಡಿದವನು ಎಡಚನಾ?" ಎಂದರು.

ನೆನಪಿಸಿಕೊಂಡು ನೋಡಿದೆ, ಹೌದು, ಎಡಚನೇ. ಟೇಪು ಉಳಿದವರು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಸುತ್ತಿಕೊಂಡಿದೆಯೆಂದು ತೋರಿಸಿದರು. ದೋಷವಿದ್ದದ್ದು ವೈರನ್ನು ಕಾರಿನ ಮೈಗೆ ಕಚ್ಚಿಸಿದ ಒಂದೇ ಒಂದು ಸ್ಕ್ರೂನಲ್ಲಿ. ತುಕ್ಕು ಹಿಡಿದಿತ್ತು, ಅಷ್ಟೆ. ಅದನ್ನು ಉಜ್ಜಿ, ಬಿಗಿದು, ಬೇರೇನನ್ನೂ ಮುಟ್ಟದೆ ಬಾನೆಟ್ ಮುಚ್ಚಿದರು. ನಾನು ಬಲ್ಲಂತೆ ಅವರ ಕೈ ಸುಮ್ಮನಿದ್ದ ದಿನ ಅದೊಂದೇ. ಮುಚ್ಚಿದ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತುಕೊಂಡೇ, ಅದು ತನ್ನ ತಮ್ಮನ ಕೆಲಸವೆಂದರು.

ತಂದೆ ತೀರಿಹೋದಾಗ ತಮ್ಮನಿಗೆ ಒಂಬತ್ತು, ಇವರಿಗೆ ಇಪ್ಪತ್ತಮೂರು. ಸಾಕಿದರು, ಓದಿಸಲು ನೋಡಿದರು, ಅದು ತಲೆಗೆ ಹತ್ತದಿದ್ದಾಗ ಕಸುಬಿಗೆ ಹಚ್ಚಿದರು. ಇಬ್ಬರೂ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದರು. ತಮ್ಮ ಹಗಲೆಲ್ಲ ಮಾಡಿದ್ದನ್ನು ಅಣ್ಣ ಸಂಜೆ ಬಿಚ್ಚಿ ಮತ್ತೆ ಮಾಡುವುದು, ತಮ್ಮ ಅದನ್ನು ಹೊಟ್ಟೆಗೆ ಹಾಕಿಕೊಳ್ಳುವುದು, ಇದು ಪರಿಪಾಠವೇ ಆಗಿತ್ತು. ಒಂದು ಸಲ ಅಣ್ಣ ಜ್ವರದಿಂದ ಮಲಗಿದ್ದಾಗ ತಮ್ಮ ಮೂರು ದಿನ ಒಬ್ಬನೇ ಕೂತು ಒಂದು ಹಳೆಯ ಕಾರಿಗೆ ನಾಲ್ಕು ದೀಪಗಳನ್ನು ಹಾಕಿ ಮುಗಿಸಿದ. ಒಡೆಯ ಬಂದು ನೋಡಿ, ಅಪರೂಪಕ್ಕೆ ಬಾನೆಟ್ಟಿನೊಳಗೂ ಇಣುಕಿ, ಭೇಷ್ ಎಂದ. ಅಷ್ಟರಲ್ಲಿ ಜ್ವರದ ಮೈಮೇಲೆ ಕೋಟು ಎಳೆದುಕೊಂಡು ಅಣ್ಣ ಎದ್ದುಬಂದರು. ಮಾತಿಲ್ಲ ಕತೆಯಿಲ್ಲ, ಒಡೆಯನ ಎದುರಿಗೇ ಒಂದೊಂದೇ ಕಟ್ಟು ಕತ್ತರಿಸಿ, ವೈರುಗಳನ್ನೆಲ್ಲ ಹೊರಗೆಳೆದು, ಮೊದಲಿನಿಂದ ಶುರುಮಾಡಿದರು. ಸಂಜೆಯವರೆಗೂ ತಮ್ಮ ಗೋಡೆಗೊರಗಿ ನಿಂತಿದ್ದ. ಮರುದಿನ ಬರಲಿಲ್ಲ. ಹನ್ನೊಂದು ವರ್ಷವಾಯಿತು.

"ಬೈದಿದ್ರೆ ಇರ್ತಿದ್ನೇನೋ ಸಾರ್. ನಾನು ಬೈಯಲಿಲ್ಲ, ಬಿಚ್ಚಿಬಿಟ್ಟೆ" ಎಂದರು ದೊಡ್ಡ ಮೇಸ್ತ್ರಿ. ಅವನ ಕೆಲಸದಲ್ಲಿ ಆಗಲೂ ತಪ್ಪೇನೂ ಇರಲಿಲ್ಲವಂತೆ. ಹಾಗಾದರೆ ಯಾಕೆ ಬಿಚ್ಚಿದಿರಿ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಕೆಂಪು ಶಾಯಿಯವನಿಗೆ ಆ ಪ್ರಶ್ನೆ ಕೇಳುವ ಮುಖವಿರಲಿಲ್ಲ. ಆಮೇಲೆ ಅವರು ನನ್ನ ಕಡೆ ನೋಡದೆಯೇ ಒಂದು ಉಪಕಾರ ಕೇಳಿದರು: ಆ ಕಡೆ ಹೋದಾಗ, ಕೆಲಸ ಚೆನ್ನಾಗಿದೆಯೆಂದು ಅಣ್ಣ ಹೇಳಿದನೆಂದು ಅವನಿಗೆ ತಿಳಿಸಬೇಕು. ಅರವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಲೋಕದಿಂದ ಬೇಕಾಗಿದ್ದದ್ದು ಇದೊಂದೇ, ತಮ್ಮ ಮತ್ತೆ ಮಾತಾಡಬೇಕು.

ಮಾರನೆಯ ದಿನವೇ ಹೋದೆ. ತಮ್ಮ ಸ್ಥೂಲಕಾಯದ, ಮಿತಭಾಷಿಯಾದ ಮನುಷ್ಯ. ನಾನು ಹೇಳಿದ್ದನ್ನು ಕೇಳಿ ಕೈಯಲ್ಲಿದ್ದ ವೈರನ್ನು ಬಹಳ ಹೊತ್ತು ಸುತ್ತಿದ, ಬಿಚ್ಚಿದ. ಕೊನೆಗೆ, "ಹೇಳೋದಿದ್ರೆ ಅಣ್ಣನೇ ಬಂದು ಹೇಳಲಿ. ಬರಬೇಡ ಅಂದವರು ಯಾರು?" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲವೆಂದು ನನಗೆ ಈಗಲೂ ಖಾತ್ರಿಯಿದೆ. ಅಂಗಡಿಯ ಗೋಡೆಯ ಮೇಲೆ ಮಗು ಗೀಚಿದ ಒಂದು ಕಾರಿನ ಚಿತ್ರ ಅಂಟಿಸಿತ್ತು. ಮಗಳದು, ಆರು ವರ್ಷ ಎಂದ. ಈ ಸುದ್ದಿಯನ್ನು ತಂದು ಮುಟ್ಟಿಸಿದಾಗ ದೊಡ್ಡ ಮೇಸ್ತ್ರಿಗೆ ತಮ್ಮನಿಗೆ ಮದುವೆಯಾಗಿದೆಯೆಂಬುದೇ ಹೊಸದು. ಮಗು ಯಾರ ಹಾಗಿದೆ ಎಂದು ಕೇಳಿದರು. ನಾನು ನೋಡಿರಲಿಲ್ಲ.

ರಜೆಯ ದಿನ ಬೆಳಗ್ಗೆ ನನ್ನ ಕಾರಿನಲ್ಲೇ ಹೊರಟೆವು. ಕೋಟು ಒಗೆದು ಇಸ್ತ್ರಿ ಮಾಡಿಸಿದ್ದರು. ಹೇಳಬೇಕಾದ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಉರು ಹೊಡೆದರು: ನಿನ್ನ ಕೆಲಸ ಬಹಳ ಚೆನ್ನಾಗಿದೆ ಕಣೋ. ಅದರ ಮುಂದೆ 'ಹಾಗಲ್ಲ' ಸೇರಿಕೊಂಡಾಗಲೆಲ್ಲ ನಾನು ತಡೆದೆ, ಅವರು ಮತ್ತೆ ಮೊದಲಿನಿಂದ ಹೇಳಿದರು. ಪರೀಕ್ಷೆಗೆ ಹೊರಟ ಮಕ್ಕಳ ಹಾಗಿದ್ದೆವು ಇಬ್ಬರೂ.

ತಮ್ಮ ಒಂದು ಹಳೆಯ ಕಾರಿನ ಬಂಪರು ಕಳಚಿಟ್ಟು ದೀಪ ಕೂರಿಸುತ್ತಿದ್ದ. ಅಣ್ಣನನ್ನು ಕಂಡು ಎದ್ದುನಿಂತ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬಾ ಅಣ್ಣಾ. ಚೆನ್ನಾಗಿದೀಯಾ?"

"ಹಾಗಲ್ಲ, ಚೆನ್ನಾಗಿದೀನಿ" ಎಂದರು ಅಣ್ಣ.

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಹನ್ನೊಂದು ವರ್ಷದ ಅರ್ಧ ಕರಗಿತೆಂದೇ ನಾನು ಭಾವಿಸಿದೆ. ಕುರ್ಚಿ ತರುತ್ತೇನೆಂದು ಅವನು ಒಳಗೆ ಹೋದ. ಅಲ್ಲಿಗೆ ಕಾರಿನ ಎದುರು ಉಳಿದವರು ನಾವಿಬ್ಬರು. ದೀಪದ ಕೆಳಗೆ ಒಂದು ವೈರು ಗೇಣುದ್ದ ಸಡಿಲವಾಗಿ ಜೋತುಬಿದ್ದಿತ್ತು. ಕೋಟಿನ ಜೇಬಿನಿಂದ ಅವರ ಕೈ ಹೊರಗೆ ಬಂದದ್ದನ್ನು ನಾನು ನೋಡಿದೆ, ನೋಡಿಯೂ ಕೆಮ್ಮಲಿಲ್ಲ, ತೋಳು ಹಿಡಿಯಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ. ನೋಡನೋಡುತ್ತ ವೈರು ಮಡಿಕೆಯಾಗಿ, ಒಳಕ್ಕೆ ಸೇರಿ, ಟೇಪಿನಲ್ಲಿ ಬಿಗಿದುಕೊಂಡು, ನೋಡಲು ಎಷ್ಟು ಅಂದವಾಗಬೇಕೋ ಅಷ್ಟು ಅಂದವಾಯಿತು. ತಮ್ಮ ಕುರ್ಚಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಅದನ್ನ ಬೇಕೂಂತಲೇ ಬಿಟ್ಟಿದ್ದೆ ಅಣ್ಣಾ. ಬಂಪರ್ ಹಾಕೋವಾಗ ಎಳೆಯೋದಕ್ಕೆ ಬೇಕಲ್ಲ" ಎಂದ, ಬಹಳ ಮೆತ್ತಗೆ.

ಕುರ್ಚಿಯನ್ನು ಅಣ್ಣನ ಬಳಿ ಇಟ್ಟ. ಬ್ಲೇಡು ತೆಗೆದುಕೊಂಡು ಟೇಪನ್ನು ಕೊಯ್ದು, ವೈರನ್ನು ಮೊದಲಿದ್ದಂತೆಯೇ ಇಳಿಬಿಟ್ಟ. ದೊಡ್ಡ ಮೇಸ್ತ್ರಿ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಕೂತರು. ಚಹಾ ಬಂತು, ಕುಡಿದೆವು. ಮಂಡಿನೋವಿನ ಮಾತು, ಟೈರಿನವನ ಮಾತು, ಬಿಸಿಲಿನ ಮಾತು, ಎಲ್ಲವೂ ಆಯಿತು. ಮನೆಗೆ ಬಾ ಎಂದು ತಮ್ಮ ಕರೆಯಲಿಲ್ಲ, ಮಗುವಿನ ಹೆಸರೇನೆಂದು ಅಣ್ಣ ಕೇಳಲಿಲ್ಲ. ಹೊರಡುವಾಗ ಬರ್ತೀನಿ ಎಂದರು, ಅವನು ಹೂಂ ಎಂದ.

ಊರಿನ ಅರ್ಧ ದಾರಿ ಕಳೆದ ಮೇಲೆ, "ಸಾರ್, ನಾನು ಹೇಳಿದ್ನಾ?" ಎಂದು ಕೇಳಿದರು.

ಇಲ್ಲವೆಂದೆ. ಸುಳ್ಳು ಹೇಳಬಹುದಿತ್ತು, ಹೇಳಲಾಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ, ಈಗಲೇ ತಿರುಗಿಸುತ್ತೇನೆ, ಹತ್ತು ನಿಮಿಷದ ದಾರಿ ಎಂದೆ. ಅವರು ತಲೆಯಾಡಿಸಿದರು.

"ಬೇಡ ಸಾರ್. ಹೋದ್ರೆ ಮತ್ತೆ ಕೈ ಹಾಕ್ತೀನಿ."

ಆಮೇಲೆ ಅವರು ಆ ಕಡೆಗೆ ಹೋಗಲಿಲ್ಲ. ಹೋಟೆಲಿನಲ್ಲಿ ಈಗಲೂ ಭೇಟಿಯಾಗುತ್ತೇವೆ, ತಮ್ಮನ ಪ್ರಸ್ತಾಪ ಬರುವುದಿಲ್ಲ. ಮನೆಗೆ ಬಂದು ಒಬ್ಬನೇ ಕೂತಾಗ ನಾನು ಅವರ ಬಗ್ಗೆ, ಅವರ ನೆಪದಲ್ಲಿ ನನ್ನ ಬಗ್ಗೆ, ಯೋಚಿಸುವುದುಂಟು. ತಿದ್ದುವವರ ಕುಲವೊಂದು ಲೋಕದಲ್ಲಿದೆ. ಅವರನ್ನು ಎಲ್ಲರೂ ಕಲ್ಲೆದೆಯವರೆನ್ನುತ್ತಾರೆ. ಪಾಪ, ಅವರಿಗೆ ಅಕ್ಕರೆ ತೋರಿಸುವ ಬೇರೆ ದಾರಿ ಗೊತ್ತಿರುವುದಿಲ್ಲ. ಯಾರ ಮೇಲೆ ಜೀವವಿದೆಯೋ ಅವರ ಕೆಲಸದ ಮೇಲೆಯೇ ಇವರ ಕಣ್ಣು, ಅಲ್ಲಿಗೇ ಮೊದಲು ಕೈ. ಈ ಕೈಯನ್ನು ಪ್ರೀತಿಯೆಂದು ಅರ್ಥಮಾಡಿಕೊಳ್ಳಬಲ್ಲವರು ಇವರ ಪಾಲಿಗೆ ಇಡೀ ಲೋಕದಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ, ಅದೂ ಕೈಗೆಟುಕುವಷ್ಟು ಹತ್ತಿರದಲ್ಲಿ. ಹತ್ತಿರದಲ್ಲಿದ್ದಾರೆಂದೇ ಅವರನ್ನೇ ತಿದ್ದಿ ತಿದ್ದಿ ಕಳೆದುಕೊಳ್ಳುತ್ತಾರೆ.