ಮೂಟೆ ಹಿಂದಿನ ನಲ್ಲಿ

"ಆ ಫ್ಯಾನ್ ಕೆಳಗಿಳಿಸೇ ಮುಂಡೆ. ಬಡವರ ಮನೇಲಿ ಫ್ಯಾನ್ ತಿರುಗ್ತಾ ಇದ್ರೆ ಬಂದವರ ಕರುಳು ಹೇಗೆ ಚುರ್ ಅನ್ಬೇಕು?"

ಧಣಿ ಬಾಗಿಲಲ್ಲಿ ನಿಂತು ನನಗೆ ಬಡತನ ಕಲಿಸುತ್ತಿದ್ದ. ಹುಟ್ಟಿದಾಗಿನಿಂದ ಅದನ್ನೇ ಅಭ್ಯಾಸ ಮಾಡಿದ್ದರೂ ನನಗದು ಇನ್ನೂ ಸರಿಯಾಗಿ ಬಂದಿರಲಿಲ್ಲವಂತೆ. ಫ್ಯಾನ್ ಇಳಿಸಿದೆ. ಗ್ಯಾಸ್ ಒಲೆಯನ್ನು ಮಂಚದಡಿಗೆ ತಳ್ಳಿದೆ. ಕನ್ನಡಿಯೂ ಬೇಡವೆಂದ. ಬಡವರು ಮುಖ ನೋಡಿಕೊಳ್ಳುವುದು ಅವನಿಗೆ ಅತಿಯೆನಿಸಿತು.

ಧಣಿಯ ಹಳೇಬಟ್ಟೆ ಗೋದಾಮಿನ ಹಿಂದೆ, ಅವನದೇ ಸಾಲುಮನೆಯಲ್ಲಿ ನಮ್ಮ ವಾಸ. ದೂರದ ಶ್ರೀಮಂತ ದೇಶದವರು ಉಟ್ಟು ಬಿಟ್ಟ ಬಟ್ಟೆ ಹಡಗಿನಲ್ಲಿ ಮೂಟೆಮೂಟೆಯಾಗಿ ಬರುತ್ತದೆ. ಚೆನ್ನಾಗಿರುವುದನ್ನು ಒಂದು ಕಡೆ, ಹರಿದದ್ದನ್ನು ಇನ್ನೊಂದು ಕಡೆ ಹಾಕುವುದು ನಮ್ಮ ಕೆಲಸ. ಈಗೀಗ ಬಟ್ಟೆಯ ಹಿಂದೆಯೇ ಅದನ್ನು ಉಟ್ಟವರ ಮಕ್ಕಳೂ ಬರತೊಡಗಿದ್ದಾರೆ. ವರ್ಷಕ್ಕೊಂದು ವಾರ ನಮ್ಮ ಜೊತೆಗಿದ್ದು, ನಮ್ಮ ಹಾಗೆ ಉಂಡು, ನಮ್ಮ ಹಾಗೆ ನೀರು ಹೊತ್ತು, ಬಡವರ ಮೇಲೆ ಕರುಣೆ ಕಲಿತು ಹೋಗುತ್ತಾರೆ. ಅವರ ಊರಲ್ಲಿ ಕರುಣೆಗೆ ಬರ ಬಂದಿರಬೇಕು.

ಹೋದ ವರ್ಷದವರಿಗೆ ಕರುಣೆ ಬೇಗ ಬಂತು. ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಬಾವಿಯಿಂದ ಬರುವಾಗ ಇಳಿಜಾರಿನಲ್ಲಿ ಕೊಡದ ಸಮೇತ ಬಿದ್ದು ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡಳು. ಅದನ್ನು ಅವರು ಕಣ್ಣಾರೆ ಕಂಡರು. ಊರಿಗೆ ಹೋಗುವ ಮೊದಲು ನಮ್ಮ ಅಂಗಳದಲ್ಲೊಂದು ನಲ್ಲಿ ಹಾಕಿಸಿ, ಮೇಲಿನ ಗೋಡೆಯಲ್ಲಿ ತಮ್ಮ ಶಾಲೆಯ ಹೆಸರು ಕೆತ್ತಿಸಿದರು. ಒಂದು ಕೂಸಿಗೆ ಒಂದು ನಲ್ಲಿ.

ಧಣಿಗೆ ಹೊಸ ತಲೆನೋವು ಶುರುವಾಯಿತು. ಅಂಗಳದಲ್ಲೇ ನೀರು ಬಂದರೆ ಅದೇ ಶಾಲೆಯ ಮುಂದಿನ ತಂಡದವರು ಏನನ್ನು ಹೊತ್ತು ಕಲಿಯಬೇಕು? ಈ ಸಲ ಅವರು ಬರುವ ಮುಂಚೆಯೇ ನಲ್ಲಿಗೆ ತಗಡಿನ ಡಬ್ಬಿ ಹೊದಿಸಿ, ಬೀಗ ಜಡಿದು, ಎದುರಿಗೆ ಮೂಟೆ ಪೇರಿಸಿದ. ಬಾಯಿಬಿಟ್ಟವರು ಮನೆ ಖಾಲಿ ಮಾಡಬೇಕೆಂದ.

ವಾರಗಿತ್ತಿ ಈಗ ಮತ್ತೆ ಬಸುರಿ. ಧಣಿಯ ಹತ್ತಿರ ಹೋಗಿ, ಅವಳನ್ನು ಬಿಟ್ಟುಬಿಡಿ, ಅವಳ ಪಾಲಿನ ಕೊಡವನ್ನೂ ನಾನೇ ಹೊರುತ್ತೇನೆ ಎಂದು ಬೇಡಿಕೊಂಡೆ.

"ಬಸುರಿ ಹೊತ್ರೇನೇ ಕಣೇ ನೋಡೋರ ಕಣ್ಣಲ್ಲಿ ನೀರು ಬರೋದು," ಎಂದ.

ನಮ್ಮ ಮನೆಯ ಪಾಲಿಗೆ ಬಂದವಳು ಒಬ್ಬ ಎಳೆ ಹುಡುಗಿ. ಪ್ಯಾಂಟು ಎರಡೂ ಮಂಡಿಯ ಹತ್ತಿರ ಹರಿದು ಚರ್ಮ ಕಾಣುತ್ತಿತ್ತು. ಜೀವಮಾನವೆಲ್ಲ ಹರಿದದ್ದನ್ನು ಬೇರೆ ಮಾಡಿದ ನಮ್ಮತ್ತೆಯ ಕಣ್ಣು ಅಲ್ಲೇ ನೆಟ್ಟಿತು.

"ಪಾಪ ಕಣೇ," ಎಂದಳು ನನ್ನ ಕಿವಿಯಲ್ಲಿ. "ಚೆನ್ನಾಗಿರೋದನ್ನೆಲ್ಲ ನಮಗೆ ಕಳಿಸಿ ತಾವು ಹರಕಲು ಹಾಕ್ಕೊಂಡಿದ್ದಾರೆ. ನೀರಿಗೂ ಗತಿಯಿಲ್ದೆ ಇಷ್ಟು ದೂರ ಬಂದು ಹೊರ್ತಾರಲ್ಲೇ."

ಅದು ಫ್ಯಾಷನ್ ಎಂದು ನಾನು ಎಷ್ಟು ಹೇಳಿದರೂ ಅತ್ತೆ ಕೇಳಲಿಲ್ಲ. ದುಡ್ಡಿದ್ದವರು ಯಾಕೆ ಹರಿದದ್ದು ಹಾಕುತ್ತಾರೆ, ನಲ್ಲಿಯಿದ್ದವರು ಯಾಕೆ ಬಾವಿಗೆ ಹೋಗುತ್ತಾರೆ ಎಂದು ನನಗೇ ಬೈದಳು. ಹುಡುಗಿ ಸ್ನಾನಕ್ಕೆ ಹೋದಾಗ ಮೂಟೆ ಹೊಲಿಯುವ ದಾರದಲ್ಲಿ ಎರಡೂ ಮಂಡಿಗೆ ಬಿಗಿಯಾಗಿ ಹೊಲಿಗೆ ಹಾಕಿಬಿಟ್ಟಳು. ಹುಡುಗಿ ಬಂದು ಹೊಲಿಗೆ ನೋಡಿದಳು, ಅತ್ತೆಯ ಮುಖ ನೋಡಿದಳು, ಅದನ್ನೇ ಹಾಕಿಕೊಂಡಳು. ಬೇಡ ಬೇಡವೆಂದರೂ ನನಗೆ ಅವಳ ಮೇಲೆ ಒಂಚೂರು ಅಕ್ಕರೆ ಹುಟ್ಟಿತು.

ಮರುದಿನ ಬೆಳಿಗ್ಗೆ ನೀರಿನ ಮೆರವಣಿಗೆ ಹೊರಟಿತು. ಅವರ ತಲೆಯ ಮೇಲೆ ಅರ್ಧ ಕೊಡ, ನಮ್ಮ ತಲೆಯ ಮೇಲೆ ತುಂಬಿದ ಕೊಡ. ಅವರ ಮೇಷ್ಟ್ರು ಫೋನು ಹಿಡಿದು ಹಿಂದೆಹಿಂದೆ ನಡೆಯುತ್ತ ಎಲ್ಲವನ್ನೂ ಅದರಲ್ಲಿ ತುಂಬಿಕೊಂಡ. ಇಳಿಜಾರಿನಲ್ಲಿ ವಾರಗಿತ್ತಿ ಹೊಟ್ಟೆ ಹಿಡಿದು ಕುಳಿತಾಗ ಇನ್ನೂ ಹತ್ತಿರ ಬಂದ. ಎರಡನೇ ಸಲಕ್ಕೆ ನಮ್ಮ ಪಾಲಿನ ಹುಡುಗಿಯ ಕತ್ತು ಸೋತು ಕೊಡ ಮೈಮೇಲೆ ಮಗುಚಿತು.

ಅತ್ತೆಗೆ ತಡೆಯಲಾಗಲಿಲ್ಲ. ಧಣಿಯ ಮಾತನ್ನು ಗಾಳಿಗೆ ತೂರಿ ಹುಡುಗಿಯ ಕೈಹಿಡಿದು ದರದರ ಅಂಗಳಕ್ಕೆ ಎಳೆದುಕೊಂಡು ಬಂದಳು. ಗೋದಾಮಿನ ಕೆಲಸಕ್ಕೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಬ್ಬಿಣದ ಕೊಕ್ಕೆ ತೆಗೆದು ಮೂಟೆಗೆ ಸಿಕ್ಕಿಸಿ ಒಂದೊಂದಾಗಿ ಆಚೆಗೆಳೆದಳು.

"ಸಾಯ್ಬೇಡ ಮಗಳೇ. ನಿಮ್ಮೂರಲ್ಲಿ ಇಲ್ದಿದ್ರೆ ಏನಂತೆ, ಇಲ್ಲಿದೆ. ಬೇಕಾದಷ್ಟು ತುಂಬ್ಕೋ."

ತಂಡದವರೆಲ್ಲ ಬಂದು ಬೀಗ ಹಾಕಿದ ಡಬ್ಬಿಯನ್ನೂ ಮೇಲಿದ್ದ ತಮ್ಮ ಶಾಲೆಯ ಹೆಸರನ್ನೂ ನೋಡುತ್ತ ನಿಂತರು. ಧಣಿ ಓಡಿ ಬಂದು ಅತ್ತೆಯನ್ನು ಮೂಟೆಯ ಮೇಲೆ ದಬ್ಬಿದ.

"ಮುದಿ ಗೂಬೆ, ನಿನ್ನ ನಾಲಿಗೆ ಸೀಳಿಹಾಕ್ತೀನಿ."

ಆಮೇಲೆ ಅತಿಥಿಗಳ ಕಡೆ ತಿರುಗಿ ಅವರ ಭಾಷೆಯಲ್ಲಿ ನಕ್ಕ.

ಅತಿಥಿಗಳು ದುಂಡಗೆ ಕುಳಿತು ಬಹಳ ಹೊತ್ತು ಮಾತಾಡಿದರು. ಇಬ್ಬರು ಅತ್ತರು. ಕೊನೆಗೆ ತೀರ್ಮಾನವನ್ನು ಧಣಿಯೇ ನಮಗೆ ತಿಳಿಸಿದ. ಅವರಿಗೆ ತುಂಬಾ ನೋವಾಗಿದೆಯಂತೆ. ನಲ್ಲಿಯ ಬೀಗವನ್ನು ಖಂಡಿತ ತೆಗೆಸುತ್ತಾರಂತೆ, ಆದರೆ ಶಿಬಿರ ಮುಗಿದ ಮೇಲೆ. ಇನ್ನೂ ಕೆಲವರು ನೀರು ಹೊತ್ತಿಲ್ಲವಲ್ಲ, ಅವರಿಗೆ ಅನ್ಯಾಯವಾಗಬಾರದಂತೆ. ಮೇಷ್ಟ್ರು ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದ.

"ಏಳ್ರೇ, ಕೊಡ ಎತ್ತಿ," ಎಂದ ಧಣಿ.

ವಾರಗಿತ್ತಿ ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಇನ್ನೊಂದು ಕೈಯಿಂದ ಕೊಡಕ್ಕೆ ಬಗ್ಗಿದಳು. ನಾನು ಅತ್ತೆಯ ಕೈಯಿಂದ ಕೊಕ್ಕೆ ಕಸಿದು, ಬೀಗದ ಚಿಲಕಕ್ಕೆ ಸಿಕ್ಕಿಸಿ, ಮೂಟೆ ಎಳೆಯುವ ಹಾಗೇ ಎಳೆದೆ. ಚಿಲಕ ಕಿತ್ತು ಬಂತು. ನಲ್ಲಿ ತಿರುಗಿಸಿದೆ.

"ನಿನ್ನ ಮನೆ ಹೋಯ್ತು ಅಂದ್ಕೋ," ಎಂದ ಧಣಿ.

"ಹೋಗ್ಲಿ ಬಿಡೋ. ಕೂಸು ಉಳೀತು."

ವಾರಗಿತ್ತಿಯ ಕೊಡವನ್ನು ಮೊದಲು ಇಟ್ಟೆ. ಸಾಲುಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಮೇಷ್ಟ್ರು ಫೋನು ಹಿಡಿದು ಮುಂದೆ ನುಗ್ಗಿದ. ಕೊಕ್ಕೆಯಿಂದಲೇ ಅವನಿಗೆ ಸಾಲಿನ ಬಾಲ ತೋರಿಸಿದೆ. ಅವನು ಹೋಗಲಿಲ್ಲ. ಹೊಲಿದ ಮಂಡಿಯ ಹುಡುಗಿ ತನ್ನ ಕೊಡ ಎತ್ತಿಕೊಂಡು ಹೋಗಿ ಎಲ್ಲರಿಗಿಂತ ಹಿಂದೆ ನಿಂತಳು.

ಮೂಟೆಯ ಮೇಲೆ ಬಿದ್ದಿದ್ದ ಅತ್ತೆ ಎದ್ದು ಕುಳಿತಳು.

"ಆ ಮಗೂನ ಮುಂದಕ್ಕೆ ಬಿಡ್ರೇ. ಪಾಪ, ಅವಳ ಮನೇಲಿ ನೀರಿಲ್ಲ."

ಯಾರೂ ಬಿಡಲಿಲ್ಲ. ಹುಡುಗಿಯೂ ಕದಲಲಿಲ್ಲ.