ಗೆರೆ ಮೇಲಿನ ಸೋಫಾ

"ಏ ಸಾವಂತ್ರಿ, ಏಳ ಅಲ್ಲಿಂದ! ಗೌಡ್ರು ನಿನ್ನ ಬೆನ್ನ ನೋಡಾಕ ಬಂದಾರೇನ?"

ಪಂದ್ಯ ನಡೆಸುತ್ತಿದ್ದ ಚೇತನಕುಮಾರ ಕಾಲಲ್ಲೇ ಸನ್ನೆ ಮಾಡಿದ. ಕಬಡ್ಡಿ ಅಂಕಣದ ಪಕ್ಕ ನೆಲದ ಮೇಲೆ ಕುಳಿತಿದ್ದ ಸಾವಂತ್ರವ್ವ ಎದ್ದಳು. ಬೆಳಿಗ್ಗೆಯಿಂದ ಅಲ್ಲಿನ ಹರಳು ಆರಿಸಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದವಳು ಅವಳೇ. ಮಗಳು ಕೋಮಲ ಇಂಡಿ ತಾಲೂಕಿನ ತಂಡದಲ್ಲಿದ್ದಳು. ಅವಳ ಆಟವನ್ನು ಅವ್ವ ಒಮ್ಮೆಯೂ ಕಂಡಿರಲಿಲ್ಲ.

"ಸೋಫಾ ಗೆರಿ ಮ್ಯಾಲ ಬಂದೈತ್ರಿ. ಹುಡಿಗ್ಯಾರಿಗೆ ಬಡೀತೈತಿ," ಎಂದಳು ಸಾವಂತ್ರವ್ವ.

ಮುಖ್ಯ ಅತಿಥಿಯಾಗಿ ಸೋಫಾದಲ್ಲಿದ್ದ ಬಸಂತರಾಯಗೌಡರು ನಕ್ಕರು. "ಹುಡಿಗ್ಯಾರ ಆಟ ಮಗ್ಗಲದಾಗ ಕುಂತ ನೋಡ್ಬೇಕು. ನಿನಗೇನ ಗೊತ್ತಾಗ್ತೈತಿ? ನಡಿ ಹಿಂದ."

ಹಿಂದೆ ಬರೀ ಗಂಡಸರ ಬೆನ್ನು, ಎತ್ತಿ ಹಿಡಿದ ಮೊಬೈಲು. ಸಾವಂತ್ರವ್ವ ತುದಿಗಾಲಲ್ಲಿ ನಿಂತಳು, ಅತ್ತಿತ್ತ ಸರಿದಳು. ಕೇಕೆ ಎದ್ದಾಗಲೆಲ್ಲ "ಯಾರ ಔಟ್ ಆದ್ರು?" ಎಂದು ಕೇಳಿದಳು. ಯಾರೂ ತಿರುಗಲಿಲ್ಲ.

ಧಪ್ಪೆಂದು ಸದ್ದಾಯಿತು. ಕೇಕೆ ನಿಂತಿತು. ಅವಳು ಜನರನ್ನು ಸೀಳಿಕೊಂಡು ಓಡಿದಳು.

ಕೋಮಲ ಮೊಣಕಾಲು ಹಿಡಿದು ಬಿದ್ದಿದ್ದಳು. ಸೋಫಾದ ಕಾಲು ಚರ್ಮ ಸೀಳಿತ್ತು. ಗೌಡರು ಮಾತ್ರ ತಮ್ಮ ಧೋತರದ ಮೇಲಿನ ರಕ್ತದ ಕಲೆ ನೋಡುತ್ತಿದ್ದರು.

"ಮೈಮ್ಯಾಲ ಬೀಳ್ತಿಯೇನ, ಹಾದರಗಿತ್ತಿ? ಮೈಲಿಗಿ ಆತಲ್ಲ ಎಲ್ಲಾ! ಸಾವಂತ್ರಿ, ನೀರ ತಾ. ತೊಳಿ ಇದನ್ನ."

ಸಾವಂತ್ರವ್ವ ಬಕೆಟ್ ತಂದಳು. ಗೌಡರು ಕಾಲು ಚಾಚಿದರು. ಅವಳು ಅವರಿಗೆ ಬೆನ್ನು ಮಾಡಿ ಕುಳಿತು ಮಗಳ ಗಾಯಕ್ಕೆ ನೀರು ಹನಿಸಿದಳು.

"ಕಿವಿ ಕೇಳಂಗಿಲ್ಲೇನ್ಲೇ?"

"ಕೇಳ್ತಾವ್ರಿ. ನೀವ ಏಳ್ರಿ. ಸೋಫಾ ಹಿಂದ ಹೋಗ್ಬೇಕು."

"ಏಳಲಿಲ್ಲಂದ್ರ?"

ಅವಳು ಸೆರಗು ಸಿಕ್ಕಿಸಿ, ಸೋಫಾದ ಕೈಹಿಡಿಗೆ ಕೈ ಹಾಕಿದಳು. ಕೋಮಲ ಕುಂಟುತ್ತ ಬಂದು ಇನ್ನೊಂದು ಬದಿ ಹಿಡಿದಳು. ಅವಳ ತಂಡದವರು ಬಂದರು. ಎದುರಾಳಿ ಮುದ್ದೇಬಿಹಾಳ ತಂಡದ ಹುಡುಗಿಯರೂ ಬಂದರು.

"ಗೌಡ್ರ, ಇಳೀರಿ... ಮಂದಿ ನೋಡಾಕತ್ತಾರ," ಚೇತನಕುಮಾರ ಪಿಸುಗುಟ್ಟಿದ.

"ಏ, ಯಾರ ಮೈ ಮುಟ್ಟಾಕತ್ತೀರಿ ಗೊತ್ತೈತೇನ?"

"ನಿಮ್ಮನ್ನ ಯಾರ ಮುಟ್ಯಾರ್ರಿ?" ಎಂದಳು ಕೋಮಲ. "ಅವ್ವಾ, ಎಳಿ!"

ಹಸಿ ಎರೆಮಣ್ಣನ್ನು ಗೀರುತ್ತ ಸೋಫಾ ಹಿಂದಕ್ಕೆ ಜಾರಿತು. ಹಿಂದಿನ ಸಾಲಿನವರು ಕುರ್ಚಿ ಬಿಟ್ಟು ಎದ್ದರು. ಮೊಬೈಲುಗಳೆಲ್ಲ ಗೌಡರತ್ತ ತಿರುಗಿದವು. ಅವರು ದಿಂಬನ್ನು ಅವಚಿಕೊಂಡು ಕುಳಿತೇ ಇದ್ದರು. ಅವರ ಒಂದು ಚಪ್ಪಲಿ ಅಂಕಣದಲ್ಲೇ ಉಳಿಯಿತು.