ಹದಿನಾಲ್ಕನೆಯ ಪ್ರಶ್ನೆ

ಮರ್ಫಿ ಟೌನಿನ ಆ ಒಂದೇ ಕೋಣೆಯ ಮನೆಗೆ ರಂಜನಾ ಎರಡನೆಯ ಸಲ ಬಂದಾಗ ನಾಗರತ್ನಾಳ ಕೆಳತುಟಿ ಒಡೆದಿತ್ತು, ಎಡಗಣ್ಣು ಬಾತು ಅರ್ಧ ಮುಚ್ಚಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂಬ ಸುಳ್ಳನ್ನೂ ಅವಳು ಹೇಳಲಿಲ್ಲ. ಭಾನುವಾರವಾದ್ದರಿಂದ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ರಜೆ. ಗಂಡ ಲಕ್ಷ್ಮಿಕಾಂತ ಹೊಸ್ತಿಲ ಮೇಲೆ ಕೂತಿದ್ದ. ಅತ್ತೆ ಜಟ್ಟೆಮ್ಮ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಯಾವುದೋ ದೂರದ ವಿಶ್ವವಿದ್ಯಾಲಯ ಹದಿನೇಳು ದೇಶಗಳ ಜನರ ಸ್ವಭಾವವನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಟಿತ್ತು. ಅರವತ್ತು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ: ಒಂದೆಂದರೆ ಇಲ್ಲವೇ ಇಲ್ಲ, ಐದೆಂದರೆ ಪೂರ್ತಿ ಹೌದು. ಯಾದಗಿರಿಯಿಂದ ದುಡಿಯಲು ಬಂದವರನ್ನು ಕೇಳುವ ಕೆಲಸ ರಂಜನಾಳದು. ಇನ್ಶೂರೆನ್ಸ್ ಕಾಲೊನಿಯಲ್ಲಿ ಬೆಳೆದ ಹುಡುಗಿ, ನಿಯಮ ಅಂದರೆ ನಿಯಮ. ಉತ್ತರ ಹೇಳುವವರ ಬಳಿ ಬೇರೆ ಯಾರೂ ಇರಬಾರದೆಂದು ಕೈಪಿಡಿಯಲ್ಲಿತ್ತು. ಹದಿನೈದು ದಿನದ ಹಿಂದೆ ಅವಳು ತಾಯಿ ಮಗ ಇಬ್ಬರನ್ನೂ ಹೊರಗೆ ಕಳಿಸಿ, ಚಿಲಕ ಹಾಕಿ, ಮುಕ್ಕಾಲು ಗಂಟೆ ನಾಗರತ್ನಾಳನ್ನು ಕೇಳಿದ್ದಳು. ಸೊಸೆ ಹಾಡುಹಗಲೇ ಗುರುತಿಲ್ಲದವಳ ಜೊತೆ ಚಿಲಕ ಹಾಕಿಕೊಂಡು ಕೂತಳೆಂದರೆ ಆ ಮನೆಯವರಿಗೆ ಒಂದೇ ಅರ್ಥ: ಗಂಡನ ಮೇಲೆ ದೂರು ಹೇಳಿದಳು. ಇದನ್ನು ತಿಳಿಸುವ ಪುಟ ಕೈಪಿಡಿಯಲ್ಲಿರಲಿಲ್ಲ.

ನಿಜವಾಗಿ ಅವಳು ಏನೂ ಹೇಳಿರಲಿಲ್ಲ. ನಿಮಗೆ ಸಿಟ್ಟು ಬೇಗ ಬರುತ್ತದೆಯೇ, ಜನರ ಜೊತೆ ಬೇಗ ಬೆರೆಯುತ್ತೀರಾ ಎಂದರೆ ನಕ್ಕುಬಿಟ್ಟಿದ್ದಳು.

"ನಾ ಹೆಂಗದೀನಂತ ನಾನೇ ಹೆಂಗ ಹೇಳ್ಲಿ ಅಕ್ಕಾರ? ಮಂದಿ ಹೇಳ್ಬೇಕು."

ರಂಜನಾ ಹೆಚ್ಚಿನವಕ್ಕೆಲ್ಲ ಮೂರು ಎಂದು ಗುರುತು ಹಾಕಿಕೊಂಡಿದ್ದಳು. ಹದಿನಾಲ್ಕನೆಯದಕ್ಕೆ ಮಾತ್ರ, ಬೇಗ ಹೆದರುತ್ತೀರಾ ಎಂಬುದಕ್ಕೆ, ಅವಳು ಮಂದಿಯನ್ನು ಕಾಯಲಿಲ್ಲ. ಇಲ್ಲ ಎಂದಳು. ಹತ್ತು ವರ್ಷದವಳಿದ್ದಾಗ ಬಾವಿಗೆ ಬಿದ್ದ ಎಮ್ಮೆಕರುವಿಗೆ ತಾನೇ ಇಳಿದು ಹಗ್ಗ ಕಟ್ಟಿದ್ದಳಂತೆ. ರಂಜನಾ ಒಂದರ ಕೆಳಗೆ ಗುರುತು ಹಾಕಿದಳು. ಆ ಹಾಳೆಯಲ್ಲಿ ನಾಗರತ್ನಾಳ ಸ್ವಂತದ್ದೆಂದರೆ ಅದೊಂದೇ.

ಈಗ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಬೇಕಿತ್ತು. ಉತ್ತರ ಬದಲಾಗುತ್ತದೋ ಎಂದು ನೋಡುವುದಕ್ಕೆ.

"ಹದಿನೈದ್ ದಿನ ಆತು ಬಡೀಲಿಕತ್ತೀನಿ, ಬಾಯಿ ಬಿಡವಲ್ಲಳು. ನೀವರ ಓದ್ರಿ, ಒಳಗ ಏನಂದಾಳ?" ಎಂದ ಲಕ್ಷ್ಮಿಕಾಂತ.

ರಂಜನಾ ಚೀಲದಿಂದ ಹಿಂದಿನ ಸಲದ ಹಾಳೆ ತೆಗೆದಳು. ಉತ್ತರಗಳನ್ನು ಯಾರಿಗೂ ತೋರಿಸುವಂತಿಲ್ಲ. ಆದರೆ ಆ ಕಣ್ಣನ್ನು ನೋಡಿದ ಮೇಲೆ ಯಾವ ನಿಯಮ? ಗಂಡನ ಬಗ್ಗೆ ಒಂದು ಮಾತೂ ಇಲ್ಲವೆಂದು ತೋರಿಸಲು ಒಂದೊಂದಾಗಿ ಓದಿದಳು. ಅವನ ಭುಜ ಸಡಿಲವಾಗುತ್ತಾ ಬಂತು. ಹದಿನಾಲ್ಕು ಬಂದಾಗ ಅವಳು ಹಾಳೆಯಲ್ಲಿದ್ದುದನ್ನು ಓದಲಿಲ್ಲ.

"ಅವರಿಗೆ ತುಂಬಾ ಹೆದರಿಕೆಯಂತೆ. ಹಾಗೇ ಹೇಳಿದಾರೆ."

ಲಕ್ಷ್ಮಿಕಾಂತ ನಕ್ಕ. ಹಂಗಾದರೆ ಸರಿ, ಚಾ ಮಾಡು ಎಂದು ತಾಯಿಗೆ ಹೇಳಿದ. ರಂಜನಾಳಿಗೆ ಹೋದ ಜೀವ ಬಂದಂತಾಯಿತು.

"ನಾ ಹಂಗ ಅಂದಿಲ್ಲ," ಎಂದಳು ನಾಗರತ್ನಾ.

ಅವನು ಎದ್ದದ್ದು ಯಾರಿಗೂ ಕಾಣಲಿಲ್ಲ. ಮೊದಲ ಏಟಿಗೆ ಅವಳ ತಲೆ ಗೋಡೆಗೆ ಬಡಿಯಿತು. ಎರಡನೆಯದು ಹೊಟ್ಟೆಗೆ, ಕಾಲಿನಿಂದ. ತಡೆಯಲು ಹೋದ ರಂಜನಾಳನ್ನು ಅವನು ತಳ್ಳಿದ ರಭಸಕ್ಕೆ ಅವಳು ಹಿಟ್ಟಿನ ಪರಾತದ ಮೇಲೆ ಬಿದ್ದಳು. ಹೊಡಿಬ್ಯಾಡೋ, ಓಣಿ ಮಂದಿ ನೋಡ್ತಾರ ಎಂದಳು ಜಟ್ಟೆಮ್ಮ. ಅವಳ ಚಿಂತೆ ಅಷ್ಟೇ. ಅವನು ಹೆಂಡತಿಯ ಜುಟ್ಟು ಹಿಡಿದು ನೆಲಕ್ಕೆ ಜಜ್ಜುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವನು ಇಂಥ ಕೋಣೆಯಲ್ಲಿ ಒಂದು ದಿನವೂ ಇದ್ದವನಲ್ಲ.

ರಂಜನಾ ಕಿರುಚಿದ್ದಕ್ಕೆ ಪಕ್ಕದ ಮನೆಯ ಫಾಯಿಜಾ ಓಡಿಬಂದಳು. ಗಟ್ಟಿ ಹೆಂಗಸು. ಹಿಂದಿನಿಂದ ಅವನ ಕೊರಳಪಟ್ಟಿ ಹಿಡಿದು, "ಚಲ್, ಬಾಹರ್ ನಿಕಲ್" ಎಂದು ಓಣಿಗೆ ಎಳೆದು ಹಾಕಿದಳು. ಅಲ್ಲಿ ಸೇರಿದ್ದ ಗಂಡಸರು ಅವನನ್ನು ಹಿಡಿದುಕೊಂಡರು. ರಂಜನಾ ಪೊಲೀಸರಿಗೆ ಫೋನ್ ಮಾಡಿದಳು. ಆಟೊ ಕರೆಯಲು ಫಾಯಿಜಾ ಹೋದಳು.

ನಾಗರತ್ನಾ ಗೋಡೆಗೆ ಒರಗಿ ಮೆಲ್ಲಗೆ ಎದ್ದು ಕೂತಳು. ಬಾಯಲ್ಲಿದ್ದ ರಕ್ತವನ್ನು ಅಂಗೈಗೆ ಉಗುಳಿಕೊಂಡು ಸೀರೆಗೆ ಒರೆಸಿದಳು. ರಂಜನಾ ಕ್ಷಮಿಸಿ ಎಂದಳು, ಮತ್ತೆ ಮತ್ತೆ ಅದನ್ನೇ ಎಂದಳು. ನಾಗರತ್ನಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ನೋಡುತ್ತಿದ್ದುದು ನೆಲದ ಮೇಲೆ ಬಿದ್ದಿದ್ದ ಹಾಳೆಯನ್ನು.

"ಅಂಜ್ತೀನಂತ ಬರದೀರಲ್ಲ ಅಕ್ಕಾರ. ತಿದ್ರಿ ಅದನ್ನ."

ಅವಳಿಗೆ ಓದು ಬರುತ್ತಿರಲಿಲ್ಲ. ರಂಜನಾ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಒಂದರ ಕೆಳಗೆ ಮೊದಲೇ ಇದ್ದ ಗುರುತಿನ ಮೇಲೆ, ಅವಳಿಗೆ ಕಾಣುವ ಹಾಗೆ ಮತ್ತೊಮ್ಮೆ ಒತ್ತಿ ಎಳೆದಳು.